ಹುಲ್ಲು ಹಾಸಿದ ಖಾಲಿ ಗೋದಲಿ

ರಾಜಾಜಿನಗರ, ಬೆಂಗಳೂರು
೨೨ ಡಿಸೆಂಬರ್ ೧೯೫೭, ಭಾನುವಾರ, ಮಧ್ಯಾಹ್ನ ಮೂರು ಗಂಟೆ. ಇವರಿಗೆ ಇವತ್ತೂ ಕಾರ್ಖಾನೆಯಲ್ಲಿ ಎರಡನೇ ಪಾಳಿ. ಮನೆಯಲ್ಲಿ ನಾನೊಬ್ಬಳೇ.

ಅವ್ವಾ, ನಿನಗೂ ದಾವಣಗೆರೆಯ ನಮ್ಮ ಮನೆಯ ಹೊಸ್ತಿಲಿಗೂ ನನ್ನ ಶರಣು.

ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು. ಸಂಕ್ರಾಂತಿಗೆ ಅಣ್ಣ ಬರುತ್ತಾನೆ, ತೊಟ್ಟಿಲನ್ನು ಬಿಚ್ಚಿ ಕಟ್ಟಿಡು, ಅವನ ಕೈಯಲ್ಲಿ ಕಳಿಸು ಎಂದು ನೀನು ಬರೆಸಿದ್ದೆ. ಉತ್ತರ ಬರೆಯಲು ಎರಡು ಸಲ ಕೂತು ಎದ್ದೆ. ಇವತ್ತು ಬರೆಯುತ್ತಿದ್ದೇನೆ. ಆದರೆ ಮೊದಲು ಪಕ್ಕದ ಮನೆಯ ಸಂಗತಿ ಹೇಳಬೇಕು. ಅದನ್ನು ಬಿಟ್ಟು ಹೇಳಿದರೆ ನನ್ನ ಉತ್ತರ ನಿನಗೆ ಬರಿಯ ಹಟವಾಗಿ ಕಾಣುತ್ತದೆ.

ಪಕ್ಕದ ಮನೆಯ ವಿಮಲಮ್ಮನನ್ನು ನೀನು ಬಲ್ಲೆ. ಕಳೆದ ವರ್ಷ ನಮ್ಮಲ್ಲಿ ಒಲೆ ಹಚ್ಚದ ದಿನಗಳಲ್ಲಿ ಕಾಂಪೌಂಡಿನ ಮೇಲೆ ಗಂಜಿಯ ಪಾತ್ರೆ ಇಟ್ಟು, ಏನೂ ಕೇಳದೆ ಹೋಗುತ್ತಿದ್ದವರು. ಕ್ರೈಸ್ತರು, ಶಾಲೆಯಲ್ಲಿ ಹೊಲಿಗೆ ಕಲಿಸುತ್ತಾರೆ. ಗಂಡನಿಗೆ ರೈಲ್ವೆ ಕೆಲಸ, ತಿಂಗಳಲ್ಲಿ ಹತ್ತು ದಿನವೂ ಊರಲ್ಲಿರುವುದಿಲ್ಲ. ಉಳಿದಂತೆ ಮನೆಯಲ್ಲಿ ಅವರೂ ಅವರ ಮಾವ ಇನ್ನಾಸಪ್ಪನವರೂ ಇಬ್ಬರೇ. ಮದುವೆಯಾಗಿ ಹನ್ನೊಂದು ವರ್ಷ. ಮಕ್ಕಳಿಲ್ಲ. ಆ ಮಾತನ್ನು ಅವರು ಎತ್ತಿಲ್ಲ, ನಾನು ಕೇಳಿಲ್ಲ.

ಕ್ರಿಸ್‌ಮಸ್ ಎಂದರೆ ನನಗೆ ಗೊತ್ತಿದ್ದುದೆಲ್ಲ ಲೈಬ್ರರಿಯಿಂದ ತಂದು ಓದುವ ಅನುವಾದದ ಕಾದಂಬರಿಗಳಿಂದ. ಅವುಗಳಲ್ಲಿ ಹೊರಗೆ ಹಿಮ ಬೀಳುತ್ತಿರುತ್ತದೆ, ಒಳಗೆ ಬೆಂಕಿಯ ಸುತ್ತ ಜನ ಕೂತಿರುತ್ತಾರೆ. ನವೆಂಬರ್ ಕೊನೆಯಲ್ಲಿ ವಿಮಲಮ್ಮ ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ತಿರುಗಿಸಿ ನನ್ನ ಮುಂದೆ ಹರಡಿದರು. ಪೆನ್ಸಿಲಿನಲ್ಲಿ ಇಡೀ ಮನೆಯ ನಕ್ಷೆ. ಗೇಟಿನಲ್ಲಿ ಬಿದಿರು ದಬ್ಬೆಯ ನಕ್ಷತ್ರ, ಅಂಗಳದಲ್ಲಿ ರಂಗೋಲಿ, ಬಾಗಿಲಿಗೆ ಮಾವಿನ ತೋರಣ, ಕಿಟಕಿಗಳಿಗೆ ಕಾಗದದ ಹೂ, ನಡುಮನೆಯ ಮೂಲೆಯಲ್ಲಿ ಒಂದು ಚಿಕ್ಕ ಚೌಕ. ಪ್ರತಿಯೊಂದರ ಪಕ್ಕದಲ್ಲೂ ಅದನ್ನು ಮಾಡಬೇಕಾದ ತಾರೀಖು.

"ಗೇಟಿಂದ ಬಂದೋರ ಕಣ್ಣು ದಾರೀಲಿ ಎಲ್ಲೂ ಕೂತ್ಕೋಬಾರದು ಜಗದಾಂಬಾ. ಒಂದಾದ ಮೇಲೆ ಒಂದು ಕೈಹಿಡಿದು ಇಲ್ಲಿಗೇ ಕರ್ಕೊಂಡು ಬರ್ಬೇಕು," ಎಂದು ಆ ಚೌಕದ ಮೇಲೆ ಬೆರಳಿಟ್ಟರು. ಅದು ಗೋದಲಿ. ದನದ ಕೊಟ್ಟಿಗೆಯಲ್ಲಿ ಅವರ ದೇವರು ಹುಟ್ಟಿದ್ದನ್ನು ಗೊಂಬೆ ಇಟ್ಟು ತೋರಿಸುವ ಜಾಗ.

ಬಿಳಿ, ಹಸಿರು, ಹುಲ್ಲಿನ ಬಣ್ಣ. ಈ ಮೂರು ಬಿಟ್ಟರೆ ಬೇರೆ ಬಣ್ಣಕ್ಕೆ ಮನೆಯೊಳಗೆ ಅಪ್ಪಣೆ ಇರಲಿಲ್ಲ. ಇನ್ನಾಸಪ್ಪನವರು ಚಿಕ್ಕಪೇಟೆಯಿಂದ ಮಿರಮಿರ ಮಿಂಚುವ ನೇರಳೆ ಬಣ್ಣದ ಜರಿಕಾಗದ ತಂದಿದ್ದರು. "ನಂದೆಲ್ಲಮ್ಮ ಕಟ್ತೀಯ?" ಎಂದರೆ ಸೊಸೆ ತಲೆ ಎತ್ತದೆ, "ನಿಮ್ಮ ರೂಮಲ್ಲಿ ಕಟ್ಕೊಳ್ಳಿ ಮಾವ," ಎಂದರು. "ನನ್ನ ರೂಮಿಗೆ ಯಾರಮ್ಮ ಬರ್ತಾರೆ ನೋಡಕ್ಕೆ, ತಿಗಣೆಗಳಾ?" ಎಂದು ಮುದುಕ ಗೊಣಗುತ್ತಾ ಹೋಗಿ ತಮ್ಮ ಮಂಚದ ನಾಲ್ಕು ಕಾಲಿಗೂ ಸುತ್ತಿಕೊಂಡರು.

ಹನ್ನೆರಡನೇ ತಾರೀಖು ಒಡೆದ ಮಡಕೆಗಳ ತಳದಲ್ಲಿ ಮಣ್ಣು ಹಾಕಿ ರಾಗಿ ಬಿತ್ತಿದೆವು. ಇಪ್ಪತ್ತನಾಲ್ಕಕ್ಕೆ ಸರಿಯಾಗಿ ನಾಲ್ಕು ಬೆರಳು ಪೈರು ಬರಬೇಕಂತೆ. ವಿಮಲಮ್ಮ ದಿನಾ ಸಂಜೆ ಹೊಲಿಗೆಯ ಟೇಪು ಹಿಡಿದು ಅಳೆಯುತ್ತಿದ್ದರು. ಎತ್ತರ ಹೆಚ್ಚಿದರೆ ನೆರಳಿಗೆ, ಕಡಿಮೆಯಾದರೆ ಬಿಸಿಲಿಗೆ. ನಾನು ಓದಿದ ಕಾದಂಬರಿಗಳ ಹಿಮವೆಲ್ಲ ನನಗೆ ಈ ರಾಗಿ ಪೈರಿನ ಮುಂದೆ ಸಪ್ಪೆಯಾಗಿ ಕಂಡಿತು.

ನಿನ್ನೆ ಮಧ್ಯಾಹ್ನ ಎಲ್ಲವನ್ನೂ ಜೋಡಿಸಿದೆವು. ನೆಲ್ಲುಹುಲ್ಲಿನ ಚಪ್ಪರ, ಸುತ್ತ ರಾಗಿ ಪೈರು, ಮಣ್ಣಿನ ಹಸು, ಕತ್ತೆ, ಕುರುಬರು, ಮಂಡಿಯೂರಿದ ತಾಯಿ ತಂದೆ. ಎಲ್ಲರೂ ನಡುವಿಗೆ ಮುಖ ಮಾಡಿದ್ದಾರೆ. ನಡುವೆ ದನಕ್ಕೆ ಮೇವು ಹಾಕುವಂಥ ಅಂಗೈಯಗಲದ ಮರದ ದೋಣಿ, ಅದರಲ್ಲಿ ಹುಲ್ಲು. ಹುಲ್ಲಿನ ಮೇಲೆ ಏನೂ ಇಲ್ಲ.

ಅವ್ವಾ, ಆ ಖಾಲಿಯನ್ನು ನನ್ನಿಂದ ನೋಡಲಾಗಲಿಲ್ಲ. ವಿಮಲಮ್ಮ ನಲ್ಲಿಗೆ ನೀರು ಹಿಡಿಯಲು ಹೋಗಿದ್ದರು. ಮಗು ಇಡುವುದನ್ನು ಮರೆತಿದ್ದಾರೆ ಎಂದುಕೊಂಡೆ. ಅಂಗಳಕ್ಕೆ ಹೋಗಿ ನಿಂಬೆಹಣ್ಣಿನಷ್ಟು ಗುಂಡಗಿನ ಕಲ್ಲೊಂದನ್ನು ಆರಿಸಿ, ತೊಳೆದು, ಬಿಳಿ ಬಟ್ಟೆಯ ಚೂರಿನಲ್ಲಿ ಸುತ್ತಿ ಆ ಹುಲ್ಲಿನ ಮೇಲೆ ಮಲಗಿಸಿದೆ. ನೀನು ಕಲಿಸಿದ್ದೇ ಅಲ್ಲವೇ? ನಾಮಕರಣದ ದಿನ ಕೂಸಿಗಿಂತ ಮೊದಲು ಗುಂಡಕಲ್ಲಿಗೆ ಕುಂಚಿಗೆ ತೊಡಿಸಿ ತೊಟ್ಟಿಲಿಗೆ ಹಾಕಿದವಳು ನೀನು. "ತೊಟ್ಟಿಲು ಒಂದು ಗಳಿಗೀನೂ ಬರಿದಿರಬಾರದವ್ವ, ಕೂಸು ಕಲ್ಲಿನಂಗ ಗಟ್ಟಿ ಇರಲಿ," ಎಂದಿದ್ದೆ. ಅದಾಗಿ ಹತ್ತು ದಿನಕ್ಕೆ ಕೂಸು ಹೋಯಿತು. ಆ ಸಂಜೆ ನಿನ್ನದೇ ಸೀರೆ ತಂದು ತೊಟ್ಟಿಲಿಗೆ ಮುಚ್ಚಿದವಳೂ ನೀನೇ.

ಕಲ್ಲನ್ನು ಮೊದಲು ನೋಡಿದವರು ಇನ್ನಾಸಪ್ಪನವರು. "ಅಯ್ಯೋ ತಾಯಿ, ಯಾರಿದು ಮಲಗಿರೋದು? ಈ ವರ್ಷ ನಮ್ಮ ಸ್ವಾಮಿ ಚಟ್ನಿ ಅರೆಯಕ್ಕೆ ಬರ್ತಾವ್ನಾ?" ಎಂದು ಹೊಟ್ಟೆ ಹಿಡಿದು ನಕ್ಕರು. ನನ್ನ ಮುಖ ಕಂಡು ಥಟ್ಟನೆ ನಿಲ್ಲಿಸಿ, ಕೆಮ್ಮು ಬಂದವರಂತೆ ಹೊರಗೆ ಹೋದರು.

ವಿಮಲಮ್ಮ ಬಿಂದಿಗೆ ಇಳಿಸಿ ಬಂದರು. ಗುಂಡಕಲ್ಲಿನ ಸಂಗತಿಯನ್ನು ಎರಡು ಮಾತಿನಲ್ಲಿ ಹೇಳಿದೆ. ಅವರು ನಗಲಿಲ್ಲ. ಕಲ್ಲನ್ನು ಎರಡೂ ಕೈಯಿಂದ ಎತ್ತಿ, ಬಟ್ಟೆ ಬಿಡಿಸಿ ನನ್ನ ಕೈಗೆ ಕೊಟ್ಟರು. ಬೀರು ತೆರೆದು ಸೀರೆಗಳ ನಡುವೆ ಸುತ್ತಿಟ್ಟಿದ್ದ ಮಣ್ಣಿನ ಮಗುವನ್ನು ತೋರಿಸಿದರು.

"ಇಪ್ಪತ್ತನಾಲ್ಕಕ್ಕೆ ರಾತ್ರಿ ನಮ್ಮ ಗುಡೀಲಿ ಪೂಜೆ ಮುಗಿಸ್ಕೊಂಡು ಬಂದು ಇದನ್ನ ಇಡ್ತೀವಿ. ಅಲ್ಲೀವರ್ಗೂ ಅದು ಖಾಲೀನೇ ಇರ್ಬೇಕು."

"ನೋಡ್ತಾ ನೋಡ್ತಾ ಭಯ ಆಗಲ್ವಾ ನಿಮಗೆ?" ಎಂದೆ.

"ಬರೋರಿಗೆ ಜಾಗ ಬೇಡ್ವೇನ್ರೀ?" ಎಂದವರು ಮಗುವನ್ನು ಮತ್ತೆ ಸುತ್ತಿ ಒಳಗಿಟ್ಟು ಬೀರು ಮುಚ್ಚಿದರು. ಆಮೇಲೆ ಟೇಪು ತೆಗೆದುಕೊಂಡು ರಾಗಿ ಅಳೆಯಲು ಕೂತರು.

ಸಂಜೆ ನಕ್ಷತ್ರದೊಳಗಿನ ಬಲ್ಬು ಹಚ್ಚಿದಾಗ ನಾನು ಗೇಟಿನ ಹೊರಗೆ ನಿಂತು ನೋಡಿದೆ. ನಕ್ಷತ್ರದಿಂದ ಕಣ್ಣು ರಂಗೋಲಿಗೆ ಇಳಿಯಿತು, ರಂಗೋಲಿಯಿಂದ ತೋರಣಕ್ಕೆ, ಅಲ್ಲಿಂದ ಕಿಟಕಿಯ ಹೂಗಳನ್ನು ದಾಟಿ ಒಳಗೆ, ಪೈರಿನ ನಡುವೆ ಆ ಖಾಲಿ ಹುಲ್ಲಿನ ಮೇಲೆ ಹೋಗಿ ನಿಂತಿತು. ಒಂದು ತಿಂಗಳ ದುಡಿಮೆ, ಆ ನಕ್ಷೆ, ಆ ಅಳತೆ, ಎಲ್ಲವೂ ಇನ್ನೂ ಬಾರದ ಒಬ್ಬರಿಗಾಗಿ. ಹನ್ನೊಂದು ವರ್ಷದಿಂದ ಆ ಹೆಂಗಸು ಪ್ರತಿ ಡಿಸೆಂಬರಿನಲ್ಲೂ ಮನೆಯನ್ನೆಲ್ಲ ಹೀಗೆ ಒಂದು ಖಾಲಿ ಜಾಗದ ಕಡೆಗೆ ತಿರುಗಿಸಿ, ಅದರ ಎದುರೇ ಕೂತು ಊಟ ಮಾಡಿ, ಹೂ ಕತ್ತರಿಸಿ, ಮಾವನೊಡನೆ ಜಗಳವಾಡಿಕೊಂಡು ಇದ್ದಾರೆ. ದಾರಿಯಲ್ಲಿ ಸೈಕಲ್ಲಿನವನೊಬ್ಬ ಗಂಟೆ ಹೊಡೆಯುವವರೆಗೆ ನಾನು ಅಲ್ಲೇ ನಿಂತಿದ್ದೆ. ಹೊತ್ತು ಹೋದದ್ದೇ ನನಗೆ ತಿಳಿಯಲಿಲ್ಲ.

ಇವತ್ತು ಬೆಳಿಗ್ಗೆ ಏಣಿ ಹಾಕಿ ಅಟ್ಟ ಹತ್ತಿದೆ. ಅಲ್ಲಿಟ್ಟಿರುವ ತೊಟ್ಟಿಲಿನ ಮೇಲಿಂದ ನಿನ್ನ ಸೀರೆಯ ಅಂಚು ಸರಿಸಿ ನೋಡಿದೆ. ಒಂದು ಕಡೆಯ ಗಿಣಿಯ ಬಣ್ಣ ಉದುರಿದೆ, ಹಗ್ಗ ಗಟ್ಟಿಯಿದೆ. ಹೆಚ್ಚು ಹೊತ್ತು ಇರಲಾಗಲಿಲ್ಲ, ಇಳಿದು ಬಂದೆ.

ನೀನು ತಪ್ಪು ತಿಳಿಯಬಾರದು. ನನ್ನಲ್ಲಿ ಯಾವ ಹೊಸ ಸುದ್ದಿಯೂ ಇಲ್ಲ. ಇದ್ದಿದ್ದರೆ ಮೊದಲ ಸಾಲಿನಲ್ಲೇ ಬರೆಯುತ್ತಿದ್ದೆ. "ಖಾಲಿ ತೊಟ್ಟಿಲು ಕಣ್ಣಿಗೆ ಬಿದ್ದಷ್ಟೂ ಹೊಟ್ಟಿ ಉರೀತೈತಿ" ಎಂದು ಕಾಗದದಲ್ಲಿ ಬರೆಸಿದ್ದೆಯಲ್ಲ, ಅದು ನಿಜ, ಉರಿಯುತ್ತದೆ. ಆದರೂ ತೊಟ್ಟಿಲನ್ನು ಕಳಿಸುವುದಿಲ್ಲ. ಅದನ್ನು ಇಳಿಸಿ, ಒರೆಸಿ, ನಡುಮನೆಯ ಕೊಂಡಿಗೆ ತೂಗುಹಾಕಬೇಕೆಂದು ತೀರ್ಮಾನಿಸಿದ್ದೇನೆ. ಕಲ್ಲು ಹಾಕುವುದಿಲ್ಲ. ಇವರಿಗೆ ಇನ್ನೂ ಹೇಳಿಲ್ಲ, ನಾಳೆ ಬೆಳಿಗ್ಗೆ ಕಾಫಿಯ ಹೊತ್ತಿಗೆ ಹೇಳುತ್ತೇನೆ. ಏಣಿಯನ್ನು ಗೋಡೆಗೆ ಒರಗಿಸಿಯೇ ಬಿಟ್ಟಿದ್ದೇನೆ.

ನಿನ್ನ ಸೀರೆ ಮಾತ್ರ ಅಣ್ಣನ ಕೈಯಲ್ಲಿ ಬರುತ್ತದೆ. ಒಗೆದು ಮಡಿಸಿ ಕಳಿಸುತ್ತೇನೆ, ಉಟ್ಟುಕೋ. ನಿನ್ನ ಮಂಡಿನೋವು ಇಳಿಯಲಿ, ನಿನ್ನ ಕಣ್ಣಿಗೆ ನಿದ್ದೆ ಹತ್ತಲಿ.

ನಿನ್ನ ಮಾತು ಮೀರಿಯೂ ನಿನ್ನವಳೇ ಆದ,
ಜಗದಾಂಬಾ