ಕೂಸಿನ ಸೀಟಿಗೊಂದು ಸರಕಾರಿ ಮೊಹರು

ನಮ್ಮ ಭಾಗದ ಮಾನ್ಯ ಸಾರಿಗೆ ಅಧಿಕಾರಿಗಳೇ,

ನನ್ನ ತಕರಾರು ಇಷ್ಟೇ. ಶಿಗ್ಲಿಯಿಂದ ಲಕ್ಷ್ಮೇಶ್ವರಕ್ಕೆ ಹೋಗುವ ಕಾರುಗಳಲ್ಲಿ ಮಕ್ಕಳಿಗೆ ಸೀಟಿಲ್ಲ, ಸೀಟಿದ್ದರೂ ಅದರಲ್ಲಿ ಮಕ್ಕಳಿಲ್ಲ. ಮಕ್ಕಳಿಗೆಂದೇ ಮಾಡಿದ, ಬೆಲ್ಟು ಬಕಲ್ಲು ಎಲ್ಲಾ ಇರುವ ಪುಟ್ಟ ಸೀಟು ನಮ್ಮೂರಿನ ಕೆಲವು ಮನೆಗಳಿಗೂ ಬಂದಿದೆ. ಒಬ್ಬರಲ್ಲಿ ಅದು ಕಾರಿನ ಡಿಕ್ಕಿಯಲ್ಲಿದೆ, ಇನ್ನೊಬ್ಬರಲ್ಲಿ ಪಡಸಾಲೆಯ ಟಿವಿ ಎದುರಿಗಿದೆ, ಮತ್ತೊಂದು ಮನೆಯಲ್ಲಂತೂ ಅದರಲ್ಲಿ ಬೆಕ್ಕು ಮರಿ ಹಾಕಿದೆ. ಮಕ್ಕಳು ಮಾತ್ರ ಮುಂದಿನ ಸೀಟಿನ ಮೇಲೆ ನಿಂತು, ಗಾಜಿಗೆ ಮೂಗು ಒತ್ತಿಕೊಂಡು ಊರು ನೋಡುತ್ತಾ ಹೋಗುತ್ತಿದ್ದಾರೆ. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಬೆಲ್ಟ್ ಹಾಕಿ, ಇಲ್ಲವೇ ಇಂಥ ಸೀಟಿನಲ್ಲಿ ಭದ್ರವಾಗಿ ಕೂಡಿಸಬೇಕೆಂದು ಕಾನೂನಿದೆ. ಅದು ದಿಲ್ಲಿಯಿಂದ ಹೊರಟದ್ದೂ ಖರೆ. ದಾರಿಯಲ್ಲಿ ಯಾವ ಬಸ್ಸು ತಪ್ಪಿಸಿಕೊಂಡಿತೋ, ನಮ್ಮೂರಲ್ಲಿ ಇನ್ನೂ ಇಳಿದಿಲ್ಲ.

ಇದನ್ನು ಕೇಳಲು ನೀನ್ಯಾರು ಎಂದು ತಾವು ಕೇಳಬಹುದು. ನಾನು ನೋಂದಣಿ ಕಚೇರಿಯ ಎದುರು ತಗಡಿನ ನೆರಳಿನಲ್ಲಿ ಕೂತು ಖರೀದಿ ಪತ್ರ, ಆಸ್ತಿ ಪಾಲು ಮಾಡುವ ವಾಟ್ನಿ ಪತ್ರ ಬರೆದುಕೊಡುವವನು. ಜನ ಬಾಂಡ್ ರೈಟರ್ ಅನ್ನುತ್ತಾರೆ. ಹದಿನೇಳು ವರ್ಷದಿಂದ ಅಣ್ಣತಮ್ಮಂದಿರ ಜಗಳಗಳನ್ನು ‘ಸದರಿ’, ‘ತತ್ಸಂಬಂಧ’ ಎಂಬ ಮಾತುಗಳಲ್ಲಿ ಮಡಚಿ ಇಡುತ್ತಾ ಬಂದಿದ್ದೇನೆ. ಮನೆಯಲ್ಲಿ ಹೆಂಡತಿ ಸುನಿತಾ, ನಾಲ್ಕು ವರ್ಷದ ಮಗಳು ವಾಣಿಶ್ರೀ ಇದ್ದಾರೆ, ಬೇರೆಯವರು ಓಡಿಸಿ ಬಿಟ್ಟ ಒಂದು ಸಣ್ಣ ಕಾರೂ ಇದೆ. ಮಗಳನ್ನು ದಿನಾ ಬೆಳಿಗ್ಗೆ ಲಕ್ಷ್ಮೇಶ್ವರದ ಶಾಲೆಗೆ ಬಿಟ್ಟು ನಾನು ಕೆಲಸಕ್ಕೆ ಹೋಗುತ್ತೇನೆ. ಹುಬ್ಬಳ್ಳಿಗೆ ಹೋದಾಗ ಅವಳಿಗೊಂದು ಸೀಟು ತಂದು, ಅದರ ಜೊತೆ ಬಂದ ಚಿತ್ರದ ಪುಸ್ತಕ ನೋಡಿಕೊಂಡು ಅರ್ಧ ದಿನ ಬೆವರಿಳಿಸಿ ಹಿಂದಿನ ಸೀಟಿಗೆ ಬಿಗಿದೆ. ಅಂದಿನಿಂದ ಊರಿನಲ್ಲಿ ನನ್ನಷ್ಟು ಜವಾಬ್ದಾರಿಯುಳ್ಳ ಅಪ್ಪ ಯಾರೂ ಇಲ್ಲ ಎಂಬ ಹಮ್ಮು ನನ್ನ ತಲೆಗೇರಿತ್ತು. ಮುಂದಿನ ಕಥೆಯೆಲ್ಲಾ ಆ ಹಮ್ಮು ಇಳಿದ ಕಥೆ.

ಯಲ್ಲೇಶ ನನ್ನ ಬಾಲ್ಯದ ಗೆಳೆಯ. ಅವನ ಮಗ ಮಲ್ಲು ನನ್ನ ಮಗಳ ಕ್ಲಾಸಿನವನು. ಅವನ ಮನೆಗೂ ಇಂಥದೇ ಒಂದು ಸೀಟು ಉಡುಗೊರೆಯಾಗಿ ಬಂದಿತ್ತು. ಒಂದು ದಿನ ಬೆಳಿಗ್ಗೆ ಶಾಲೆಯ ಗೇಟಿನ ಮುಂದೆ ಯಲ್ಲೇಶನ ಕಾರು ಬಂದು ನಿಂತಿತು. ಮಲ್ಲು ಮುಂದೆ ಡ್ಯಾಶ್‌ಬೋರ್ಡಿಗೆ ಎರಡೂ ಕೈ ಊರಿ, ಮಂತ್ರಿಗಳು ಜನರತ್ತ ನೋಡುವ ಹಾಗೆ ನಿಂತಿದ್ದ. ಹಿಂದೆ ಯಲ್ಲೇಶನ ತಾಯಿ ಸಾವಕ್ಕ ಕೂತಿದ್ದರು. ಅವರ ಪಕ್ಕದ ಕೂಸಿನ ಸೀಟಿನಲ್ಲಿ, ಎರಡೂ ಭುಜದ ಮೇಲಿಂದ ಬೆಲ್ಟ್ ಎಳೆದು, ನಡುವೆ ಬಕಲ್ ಹಾಕಿಸಿಕೊಂಡು, ಅಲುಗಾಡದೆ ಕೂತಿದ್ದದ್ದು ಒಂದು ಮೊಸರಿನ ಗಡಿಗೆ. ಬಾಯಿಗೆ ಬಿಳಿ ಬಟ್ಟೆ ಕಟ್ಟಿದ್ದರು. ಸಾವಕ್ಕನ ಮಗಳ ಮನೆಗೆ ಹೊರಟಿತ್ತು.

ಗಡಿಗೆಗೆ ಭುಜ ಎಲ್ಲಿಂದ ಬಂತು ಎಂದು ಕೇಳಬೇಡಿ, ಆ ಬೆಲ್ಟು ಅಷ್ಟು ಚೆನ್ನಾಗಿ ಹೊಂದಿತ್ತು. ನಾನು ಸುಮ್ಮನಿರಬಹುದಿತ್ತು. ಗೇಟಿನ ಹತ್ತಿರ ಹತ್ತು ಜನ ತಾಯಂದಿರು ನಿಂತಿದ್ದರು, ನನಗೆ ಮಾತು ತಡೆಯಲಿಲ್ಲ.

“ಲೇ ಯಲ್ಲೇಶ, ಮೊಸರಿಗೆ ಬೆಲ್ಟ್ ಹಾಕೀದಿ, ಮಗಗ ಯಾಕ ಹಾಕಿಲ್ಲಲೇ?”

“ಮೊಸರು ಚೆಲ್ಲತೈತಿ,” ಅಂದ ಅವನು, ಯೋಚನೆಯೇ ಮಾಡದೆ.

“ಮತ್ತ ಮಲ್ಲು ಚೆಲ್ಲೂದಿಲ್ಲೇನು?”

ತಾಯಂದಿರು ಕಿಸಕ್ಕನೆ ನಕ್ಕರು. ಅಲ್ಲಿಗೆ ಕೆಲಸ ಕೆಟ್ಟಿತು. ಯಲ್ಲೇಶನ ಮುಖ ಕೆಂಪಾಯಿತು. “ನನ್ನ ಮಗ, ನನ್ನ ಕಾರು. ನೀ ಯಾವಾಗ ಆರ್‌ಟಿಓ ಸಾಹೇಬ ಆದಿ?” ಅಂದ. ಒಳಗಿನಿಂದ ಸಾವಕ್ಕ ಕಿಟಕಿ ಇಳಿಸಿದರು. “ಗವಿಸಿದ್ದಾ, ಆರು ಮಕ್ಕಳನ್ನ ಚಕ್ಕಡ್ಯಾಗ ಕುಂಡ್ರಿಸಿಕೊಂಡು ಬೆಳಸೀನಿ ನಾನು. ಒಂದಕ್ಕರ ಹಗ್ಗ ಕಟ್ಟಿದ್ನೇನು? ಅವು ಮಕ್ಕಳೋ ಕರುಗಳೋ?” ನಾನು ಚಕ್ಕಡಿಯ ವೇಗ ಎಷ್ಟು, ಕಾರಿನ ವೇಗ ಎಷ್ಟು ಎಂದು ಲೆಕ್ಕ ಹೇಳಲು ಹೋದೆ. ಸಾವಕ್ಕ ಕಿಟಕಿ ಏರಿಸಿದರು.

ಮಾನ್ಯರೇ, ಅಂದಿನಿಂದ ಹದಿನೆಂಟು ದಿನ ಯಲ್ಲೇಶ ನನ್ನ ಜೊತೆ ಮಾತಾಡಲಿಲ್ಲ. ಮೂವತ್ತು ವರ್ಷದ ಗೆಳೆತನ ಒಂದು ಗಡಿಗೆ ಮೊಸರಿಗೆ ಒಡೆಯಿತು. ನಾನು ಹೇಳಿದ್ದರಲ್ಲಿ ತಪ್ಪೇನಿತ್ತು ಎಂದು ಸುನಿತಾಳ ಮುಂದೆ ದಿನಾ ವಾದ ಮಂಡಿಸುತ್ತಿದ್ದೆ. ಚೆಲ್ಲುವ ವಸ್ತುವನ್ನು ಕಟ್ಟಬೇಕೆಂಬ ಜ್ಞಾನ ಅವನಿಗೆ ಪೂರಾ ಇತ್ತಲ್ಲ, ಮಗನ ತಲೆ ಗಡಿಗೆಗಿಂತ ಗಟ್ಟಿ ಎಂದು ಯಾವ ಡಾಕ್ಟರು ಬರೆದುಕೊಟ್ಟಿದ್ದರು? ಅವಳು ಒಂದೇ ಮಾತು ಹೇಳಿದಳು: “ಖರೆ ಹೇಳೀರಿ. ಆದ್ರ ಹತ್ತು ಮಂದಿ ಮುಂದ ಹೇಳೀರಿ.” ನನಗೆ ಅವಳ ಮೇಲೂ ಸಿಟ್ಟು ಬಂತು, ಏಕೆಂದರೆ ಅದು ನಿಜವಾಗಿತ್ತು.

ಹತ್ತೊಂಬತ್ತನೆಯ ದಿನ ನನ್ನ ಸರದಿ ಬಂತು. ಅಡರಕಟ್ಟಿಯಿಂದ ಸುನಿತಾಳ ಸೋದರಮಾವ ಸಕ್ರಪ್ಪನವರೂ ಅವರ ಹೆಂಡತಿ ಸುಮಿತ್ರವ್ವನವರೂ ನಮ್ಮಲ್ಲಿಗೆ ಬಂದು ಎರಡು ದಿನ ಇದ್ದರು. ಹೊರಡುವ ದಿನ ಲಕ್ಷ್ಮೇಶ್ವರದ ಬಸ್ ಸ್ಟ್ಯಾಂಡಿಗೆ ನಾನೇ ಬಿಡುವುದೆಂದಾಯಿತು. ಮಗಳನ್ನು ಬಿಟ್ಟಂತೆಯೂ ಆಯಿತು, ಸುನಿತಾಗೆ ಪೇಟೆಯಲ್ಲಿ ಕೆಲಸವೂ ಇತ್ತು. ಸುಮಿತ್ರವ್ವನವರ ಬಲ ಮೊಣಕಾಲು ಮಡಚಲು ಬರುವುದಿಲ್ಲ. ಕಾಲು ಚಾಚಿದರೆ ಇಬ್ಬರ ಜಾಗ ಬೇಕು. ಮುಂದಿನ ಸೀಟು ಹಿರಿಯರಾದ ಸಕ್ರಪ್ಪನವರದು. ಆ ದಿನದ ಹಿಂದಿನ ಸೀಟಿನ ಚೆಕ್ಕುಬಂದಿಯನ್ನು, ಅಂದರೆ ಸುತ್ತಲಿನ ಗಡಿಯನ್ನು, ನನ್ನ ಕಸುಬಿನ ಭಾಷೆಯಲ್ಲೇ ಬರೆಯುತ್ತೇನೆ: ಪೂರ್ವಕ್ಕೆ ಸುಮಿತ್ರವ್ವನವರು, ನಡುವೆ ಅವರ ಮೊಣಕಾಲು, ಪಶ್ಚಿಮಕ್ಕೆ ಸುನಿತಾ, ಉತ್ತರಕ್ಕೆ ಅಡರಕಟ್ಟಿಗೆ ಕಟ್ಟಿಕೊಟ್ಟ ರೊಟ್ಟಿಯ ಬುಟ್ಟಿ. ಸದರಿ ಆಸ್ತಿಯಲ್ಲಿ ವಾಣಿಶ್ರೀಯ ಪಾಲು ಉಳಿಯಲಿಲ್ಲ.

“ಹಿರ್ಯಾರು ಇಕ್ಕಟ್ಟಿನ್ಯಾಗ ಕುಂತು, ಕೂಸು ಸಿಂಹಾಸನದಾಗ ಕುಂಡ್ರೋದು ಚಂದ ಅನಸೂದಿಲ್ಲಪಾ,” ಎಂದರು ಸಕ್ರಪ್ಪನವರು, ಬಹಳ ಮೆತ್ತಗೆ. ಅವರು ಗದರಿದ್ದರೆ ನಾನು ಎದುರು ಮಾತಾಡುತ್ತಿದ್ದೆನೋ ಏನೋ. ಮೆತ್ತಗೆ ಹೇಳಿದರೆ ಏನು ಮಾಡುವುದು? ಶಾಲೆಯ ಗೇಟಿನಲ್ಲಿ ಅಷ್ಟು ಮಾತಾಡಿದ ನಾಲಿಗೆ ಅಂದು ಅಲುಗಲಿಲ್ಲ. ಅರ್ಧ ದಿನ ಬೆವರಿಳಿಸಿ ಬಿಗಿದಿದ್ದ ಸೀಟನ್ನು ಎರಡು ನಿಮಿಷದಲ್ಲಿ ಬಿಚ್ಚಿ ಡಿಕ್ಕಿಗೆ ಹಾಕಿದೆ. ಮಗಳು ತಾಯಿಯ ತೊಡೆ ಏರಿದಳು.

ಊರು ದಾಟಿ ಸ್ವಲ್ಪ ದೂರ ಹೋಗಿದ್ದೆವು. ಹೊಲದಿಂದ ಒಂದು ಟ್ರ್ಯಾಕ್ಟರು ಕೈಯನ್ನೂ ತೋರಿಸದೆ ರಸ್ತೆಗೆ ಏರಿತು. ನಾನು ಬ್ರೇಕ್ ಒತ್ತಿದೆ. ಕಾರು ನಿಂತಿತು, ಟ್ರ್ಯಾಕ್ಟರಿಗೆ ತಾಗಲೂ ಇಲ್ಲ. ನನ್ನ ಮಗಳು ಮಾತ್ರ ನಿಲ್ಲಲಿಲ್ಲ. ಸುನಿತಾಳ ಕೈಯಿಂದ ಜಾರಿ ಮುಂದಿನ ಸೀಟಿನ ಬೆನ್ನಿಗೆ ಮುಖ ಬಡಿದುಕೊಂಡಳು. ಮೇಲ್ದುಟಿ ಸೀಳಿತು. ಸುಮಿತ್ರವ್ವನವರು ತಮ್ಮ ಇಳಕಲ್ ಸೀರೆಯ ಸೆರಗನ್ನೇ ಅವಳ ಬಾಯಿಗೆ ಒತ್ತಿ ಹಿಡಿದರು. ಮೊಣಕಾಲು ಆ ಹೊತ್ತಿಗೆ ತಾನಾಗಿ ಮಡಚಿತು. ದವಾಖಾನೆಯಲ್ಲಿ ಎರಡು ಹೊಲಿಗೆ ಬಿದ್ದವು. ಸೂಜಿ ಹಾಕುವಾಗ ನಾಲ್ಕು ವರ್ಷದ ಕೂಸಿನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುವ ಕೆಲಸ ನನ್ನದಾಗಿತ್ತು. ಅದಕ್ಕಿಂತ ಅರ್ಧ ಗಂಟೆ ಮೊದಲು ಒಂದು ಬಕಲ್ ಹಾಕಲು ನನ್ನಿಂದ ಆಗಿರಲಿಲ್ಲ. ನನಗೆ ನನ್ನ ಮೇಲೆ ಅಷ್ಟು ಅಸಹ್ಯ ಯಾವತ್ತೂ ಆಗಿರಲಿಲ್ಲ.

ಸಂಜೆ ಯಲ್ಲೇಶ ಮನೆಗೆ ಬಂದ, ಮಲ್ಲುವನ್ನೂ ಕರೆದುಕೊಂಡು. ಈಗ ಹದಿನೆಂಟು ದಿನದ್ದನ್ನು ಬಡ್ಡಿ ಸಮೇತ ತೀರಿಸುತ್ತಾನೆ ಎಂದು ತಲೆ ತಗ್ಗಿಸಿ ಕೂತೆ. ಅವನು ಮಗಳ ತುಟಿ ನೋಡಿದ, ಚಹಾ ಕುಡಿದ, ಆಮೇಲೆ ಹೇಳಿದ: “ನಮ್ಮಿಬ್ಬರ ಕಾರಿನ್ಯಾಗ ಸುರಳೀತ ಊರು ಮುಟ್ಟಿದ್ದು ಮೊಸರೊಂದ ನೋಡಲೇ.”

ಇಬ್ಬರೂ ನಕ್ಕೆವು. ನಕ್ಕು ಮುಗಿದ ಮೇಲೆ ಅವನು ದನಿ ತಗ್ಗಿಸಿದ. “ನನಗೇನ್ ತಿಳೀದಿಲ್ಲಂತ ತಿಳಕೊಂಡೀ ಏನು? ಅವ್ವ ಗಡಿಗಿ ಅಲ್ಲೇ ಇಡು ಅಂದ್ಲು. ಅವ್ವಗ ಇಲ್ಲ ಅನ್ನಾಕ ಬಾಯಿ ಬರಲಿಲ್ಲ. ನಿನಗ ಬಂತೇನು, ಮಾವಗ?”

ಮಾನ್ಯರೇ, ತಮ್ಮ ಇಲಾಖೆಯ ಬೋರ್ಡುಗಳಲ್ಲಿ ‘ನಿಧಾನವೇ ಪ್ರಧಾನ’ ಎಂದು ಬರೆಸುತ್ತೀರಿ, ವೇಗ ನಮ್ಮ ಶತ್ರು ಎನ್ನುತ್ತೀರಿ. ನಮ್ಮ ರಸ್ತೆಗಳಲ್ಲಿ ವೇಗವಾಗಿ ಹೋಗುವುದಾದರೂ ಹೇಗೆ? ನಮ್ಮ ನಿಜವಾದ ಅಪಾಯ ಮರ್ಯಾದೆ. ಪೆಟ್ಟಾದೀತೆಂದು ನಾವು ಅಷ್ಟು ಹೆದರುವುದಿಲ್ಲ, ಹಿರಿಯರು ಮುನಿದಾರೆಂದು ಹೆದರುತ್ತೇವೆ. ಇದಕ್ಕೆ ತಮ್ಮಲ್ಲಿ ಯಾವುದಾದರೂ ಬೋರ್ಡು ಇದೆಯೇ?

ಹೊಲಿಗೆ ಬಿಚ್ಚಿದ ಮೇಲೆ, ಕಳೆದ ಸೋಮವಾರ, ಮಾವ ಅತ್ತೆ ಮತ್ತೆ ಬಂದರು, ಕೂಸನ್ನು ನೋಡಲಿಕ್ಕೆಂದೇ. ವಾಪಸು ಹೊರಡುವಾಗ ಮತ್ತದೇ ಕಾರು. ನಾನು ಮೊದಲೇ ಮಗಳನ್ನು ಸೀಟಿನಲ್ಲಿ ಕೂಡಿಸಿ ಬಕಲ್ ಹಾಕಿಬಿಟ್ಟಿದ್ದೆ. ಸುಮಿತ್ರವ್ವನವರು ಕಾಲೆಳೆಯುತ್ತಾ ಕಾರಿನ ಹತ್ತಿರ ಬಂದರು. ಯಾರೂ ಬಾಯಿ ಬಿಡುವ ಮೊದಲು ಟಕ್ ಎಂದು ಸದ್ದಾಯಿತು. ನನ್ನ ಮಗಳು ತಾನೇ ಬಕಲ್ ಬಿಚ್ಚಿಕೊಂಡು ಇಳಿದು, “ಅಜ್ಜೀ, ಬರ್ರಿ, ಇಲ್ಲೆ ಕುಂಡ್ರಿ,” ಎಂದಳು. ತುಟಿಯ ಮೇಲಿನ ಗೆರೆ ಇನ್ನೂ ಕೆಂಪಾಗಿತ್ತು.

“ಎಂಥಾ ಸಂಸ್ಕಾರ!” ಎಂದರು ಸಕ್ರಪ್ಪನವರು. ಹೆಮ್ಮೆಯಿಂದ ನನ್ನ ಬೆನ್ನು ತಟ್ಟಿದರು.

ಹಿರಿಯರಿಗೆ ಇಲ್ಲ ಎನ್ನಲಾರದ ನನ್ನ ರೋಗ ಮಗಳಿಗೂ ಅಂಟಿತ್ತು. ಆ ಗಾಬರಿಯಲ್ಲಿ ನನ್ನ ಬಾಯಿಂದ ಒಂದು ಸುಳ್ಳು ಹೊರಬಿತ್ತು. “ಮಾವಾ, ಹಂಗ ಮಾಡಾಕ ಬರೂದಿಲ್ರಿ. ಸಾರಿಗಿ ಸಾಹೇಬ್ರು ಹೊಸಾ ಆದೇಶ ಹೊರಡಿಸ್ಯಾರ. ಕೂಸಿನ ಸೀಟು ತಗದ್ರ, ಇಲ್ಲಾ ಅದರಾಗ ಬ್ಯಾರೆ ಯಾರರ ಕುಂತ್ರ, ಗಾಡಿ ಜಪ್ತಿ.” ಒಂದು ಆದೇಶ ಸಂಖ್ಯೆಯನ್ನೂ ಸೇರಿಸಿದೆ, ಕಸುಬಿನ ಚಟ.

ಮಾನ್ಯರೇ, ಪವಾಡ ನಡೆಯಿತು. ಮುನಿಸಿಲ್ಲ, ಬೇಸರವಿಲ್ಲ. “ಸರಕಾರದ್ದ ಐತಿ ಅಂದ್ರ ಮುಗೀತ, ಬಿಡು,” ಎಂದರು ಸಕ್ರಪ್ಪನವರು. “ಮೊದಲ ಹೇಳಬಾರದೇನೋ ತಮ್ಮಾ?” ಎಂದು ಸುಮಿತ್ರವ್ವನವರು ಮುಂದಿನ ಸೀಟಿನಲ್ಲಿ ಕಾಲು ಚಾಚಿ ಆರಾಮಾಗಿ ಕೂತರು. ಸಕ್ರಪ್ಪನವರು ಹಿಂದೆ ಕೂತರು. ಇಷ್ಟು ಸರಳ ಉಪಾಯ ನಮಗ್ಯಾರಿಗೂ ಹೊಳೆದಿರಲಿಲ್ಲ. ಇಳಿಯುವಾಗ ಮಾತ್ರ ಮಾವ ಕೇಳಿದರು: “ಕಾಗದ ಐತೇನು? ಮುಂದಿನ ಸಲ ಬಂದಾಗ ತೋರಸು. ನಮ್ಮೂರಾಗೂ ಹೇಳತೇನಿ.”

ನನ್ನಿಂದ ಕೇಳಿದ ಈ ಆದೇಶವನ್ನು ಯಲ್ಲೇಶ ತನ್ನ ತಾಯಿಗೆ ಹೇಳಿದ. ಸಾವಕ್ಕ ಹಿಟ್ಟಿನ ಗಿರಣಿಯಲ್ಲಿ ಹೇಳಿದರು. ಈಗ ಶಿಗ್ಲಿಯ ಆರು ಕಾರುಗಳಲ್ಲಿ ತಮ್ಮ ಆದೇಶ ಕಟ್ಟುನಿಟ್ಟಾಗಿ ಜಾರಿಯಲ್ಲಿದೆ. ಬೆಕ್ಕಿನ ಮರಿಗಳನ್ನೂ ಬೇರೆ ಕಡೆ ಇಟ್ಟಿದ್ದಾರೆ. ಮಲ್ಲು ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು, ಮುಖ ಊದಿಸಿಕೊಂಡು ಬರುತ್ತಾನೆ. ಈ ಆದೇಶದ ವಿಷಯ ತಿಳಿಯದವರು ಇಡೀ ಪ್ರದೇಶದಲ್ಲಿ ತಾವೊಬ್ಬರೇ.

ಆದ್ದರಿಂದ ನನ್ನ ಬೇಡಿಕೆ: ಸದರಿ ಸುಳ್ಳನ್ನು ದಯವಿಟ್ಟು ನಿಜ ಮಾಡಿಕೊಡಿ. ಇರುವ ಕಾನೂನನ್ನೇ ನಾಲ್ಕು ಸಾಲು ಕನ್ನಡದಲ್ಲಿ ಬರೆದು, ಕೆಳಗೆ ಸಹಿ ಹಾಕಿ, ಮೇಲೊಂದು ದುಂಡನೆಯ ಮೊಹರು ಒತ್ತಿ ಪ್ರತಿ ಕಾರಿಗೂ ಒಂದು ಪ್ರತಿ ಕೊಡಿ. ಮೊಹರು ನೇರಳೆ ಬಣ್ಣದ್ದಿರಲಿ, ನಮ್ಮ ಹಿರಿಯರಿಗೆ ಅದರ ಮೇಲೆ ನಂಬಿಕೆ ಹೆಚ್ಚು. ಯಾರಾದರೂ ಜಾಗ ಕೇಳಿ ಕೈ ಮಾಡಿ ಕಾರು ನಿಲ್ಲಿಸಿದಾಗ ನಾವು ಆ ಕಾಗದ ತೋರಿಸಿ, ಬೈಗುಳವನ್ನೆಲ್ಲಾ ತಮ್ಮ ಹೆಸರಿಗೆ ಬರೆದುಬಿಡುತ್ತೇವೆ. ತಾವು ದೂರದಲ್ಲಿದ್ದೀರಿ, ತಮಗೆ ಕೇಳಿಸುವುದಿಲ್ಲ.

ತಡ ಮಾಡಬೇಡಿ. ಬೇರೆ ಕಾರಣವಲ್ಲ, ನಿನ್ನೆ ಶಾಲೆಗೆ ಹೋಗುವಾಗ ಮಗಳು ಸೀಟಿನಲ್ಲಿ ಕೂತು ಬಕಲ್ ಸವರುತ್ತಾ ಕೇಳಿದಳು: “ಅಪ್ಪಾ, ಆ ಸಾಹೇಬ್ರು ಬೈಯ್ಯೂದಿಲ್ಲಂದ್ರ, ಅಜ್ಜಿ ಬಂದಾಗ ನಾ ಎದ್ದು ಕೊಡ್ಲೇನು?”

ಬೇಡ ಎಂದು ನಾನೇ ಹೇಳಬೇಕಾದ ಮಾತಿಗೆ ತಮ್ಮ ಸಹಿ ಕೇಳುತ್ತಿರುವ,

ಇಂತಿ,
ಗವಿಸಿದ್ದೇಶ, ಶಿಗ್ಲಿ
(ಊರಿನವರ ಪಾಲನ್ನೆಲ್ಲಾ ಪತ್ರ ಮಾಡಿ ಕೊಟ್ಟು, ಮಗಳ ಪಾಲಿನ ಒಂದೂವರೆ ಅಡಿ ಜಾಗ ಉಳಿಸಿಕೊಡಲಾಗದವನು)