ನಡುವೆ ಒಂದು ಬ್ಯಾರಿಯರ್

ಅಣ್ಣಾ,

ಈ ವಾರವೆಲ್ಲ ಕಂಪ್ಯೂಟರಿನ ತಿರುಳಾದ ಕರ್ನಲ್ ಕೋಡಿನಲ್ಲಿ ಒಂದು ದೋಷದ ಬೆನ್ನು ಹತ್ತಿದ್ದೆ. ಒಂದು ಪ್ರೊಸೆಸರ್ ಮಾಹಿತಿಯನ್ನು ಬರೆದು, ಆಮೇಲೆ ‘ಸಿದ್ಧ’ ಎಂಬ ಗುರುತು ಹಾಕಬೇಕು. ಇವೆರಡರ ನಡುವೆ, ಮೊದಲಿನದು ಮುಗಿಯುವ ತನಕ ಮುಂದಿನದನ್ನು ತಡೆಯುವ ಬ್ಯಾರಿಯರ್ ಎಂಬ ಒಂದು ಸಾಲು ಬಿಟ್ಟುಹೋದರೆ, ಗುರುತೇ ಮೊದಲು ಕಾಣಿಸಿಬಿಡಬಹುದು. ಇನ್ನೊಂದು ಪ್ರೊಸೆಸರ್ ಅದನ್ನು ನಂಬಿ ಹಳೆಯ ಕಸವನ್ನು ಓದುತ್ತದೆ.

ಬೆಳಿಗ್ಗೆ ‘ಅಪ್ಪನ ಆಪರೇಷನ್ ಚೆನ್ನಾಗಿ ಆಯ್ತು’ ಎಂದು ನಿನ್ನ ಮೆಸೇಜ್ ಬಂತು. ಅದಾದ ಮೇಲೆ ಅಪ್ಪನೇ ಫೋನ್ ಮಾಡಿದರು: “ಇನ್ನೂ ಒಳಗೆ ಕರ್ಕೊಂಡು ಹೋಗಿಲ್ಲ ಕಣಮ್ಮ, ಹೊಟ್ಟೆ ಹಸೀತಿದೆ.”

ಪ್ರೊಸೆಸರಿಗೆ ಬೇಗ ಮುಗಿಸುವ ಆತುರ, ಅಷ್ಟೆ. ನಿನಗೇನಿತ್ತು? ನಾನು ಬರಬಾರದು ಅಂತಲಾ? ಸಂಜೆ ಮತ್ತೆ ಅದೇ ಮೆಸೇಜ್ ಕಳಿಸಿದ್ದೀಯ, ಒಂದಕ್ಷರವೂ ಬದಲಾಗಿಲ್ಲ. ಈ ಸಲ ಅದನ್ನು ಹೇಗೆ ನಂಬಲಿ? ಫೋನ್ ಮಾತ್ರ ಎತ್ತುತ್ತಿಲ್ಲ.

ಹೊರಟಿದ್ದೇನೆ. ಆಸ್ಪತ್ರೆಯ ಬಾಗಿಲಲ್ಲಿ ನಿಂತು ನನಗೇನೂ ಹೇಳಬೇಡ. ಮೊದಲು ಅಪ್ಪನನ್ನು ನೋಡುತ್ತೇನೆ. ನಿನ್ನ ಮಾತು ಆಮೇಲೆ.

ನಿನ್ನ ತಂಗಿ