ಅಕ್ಕನಿಗೆ ತೋರಿಸಿದ ಪರ್ವತ

ಅಕ್ಕಾ,

ಈ ಕಾಗದವನ್ನು ಭಾವನ ಕೈಗೆ ಕೊಟ್ಟು ಓದಿಸಬೇಡ. ನಿನ್ನ ಭೂತಗನ್ನಡಿಗೆ ಸುಲಭವಾಗಲೆಂದು ಸಿನಿಮಾ ಪೋಸ್ಟರಿನಷ್ಟು ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಕಟಕಟೆ ಹತ್ತಿದ್ದೇನೆ, ಅಂಗಿಯ ಮೇಲಿನ ಗುಂಡಿಯನ್ನೂ ಹಾಕಿಕೊಂಡಿದ್ದೇನೆ, ಸತ್ಯವನ್ನೇ ಹೇಳುತ್ತೇನೆ. ಹೋದ ತಿಂಗಳು ಹದಿನಾಲ್ಕನೇ ತಾರೀಖು ಬೆಳಿಗ್ಗೆ ಏಳೂ ಹತ್ತಕ್ಕೆ, ಸಂಪೂರ್ಣ ಎಚ್ಚರದಲ್ಲಿದ್ದು, ಯಾರ ಒತ್ತಾಯವೂ ಇಲ್ಲದೆ, ನಾನು ನಿನಗೆ ಒಂದು ಮೋಡವನ್ನು ತೋರಿಸಿ ಅದೇ ಪರ್ವತ ಅಂದೆ.

ಹೇಳಿಬಿಟ್ಟೆ. ಹಗುರವಾಗುತ್ತೇನೆ ಅಂದುಕೊಂಡಿದ್ದೆ. ಆಗಲಿಲ್ಲ.

ಮೂವತ್ತೆರಡು ವರ್ಷ ಭೂಗೋಳದ ಪಾಠ ಮಾಡಿದವಳು ನೀನು. ಆ ಪರ್ವತವನ್ನು ಸೀಮೆಸುಣ್ಣದಲ್ಲಿ ಎಷ್ಟು ಸಲ ಬರೆದು ಅಳಿಸಿದ್ದೀಯೋ, ಲೆಕ್ಕ ಇಟ್ಟವರಿಲ್ಲ. ಐದನೇ ಕ್ಲಾಸಿನಲ್ಲಿ ನಾನು ನಿನ್ನದೇ ವಿದ್ಯಾರ್ಥಿಯಾಗುವ ದುರ್ಯೋಗ ಬಂದಾಗ, ನನ್ನನ್ನು ಮೇಜಿನ ಮೇಲೆ ಕೂರಿಸಿ, ತಲೆಯ ಮೇಲಿಂದ ಬಿಳಿ ಬೆಡ್‌ಶೀಟ್ ಹೊದಿಸಿ, ಕೋಲಿನಿಂದ ತಟ್ಟಿ ತಟ್ಟಿ ತೋರಿಸಿದ್ದೆ. "ಮಕ್ಕಳೇ, ಇದು ಶಿಖರ. ಇದು ಎಡಭುಜ. ಬಲಭುಜ ನೋಡಿ, ಹೀಗೆ ಇಳಿಬಿದ್ದಿರತ್ತೆ." ಅಷ್ಟರಲ್ಲಿ ನಾನು ಸೀನಿದೆ. "ಇದು ಹಿಮಪಾತ" ಅಂದೆ ನೀನು, ಒಂದಿಷ್ಟೂ ನಗದೆ. ಶಾಲೆ ಬಿಡುವವರೆಗೂ ನನ್ನನ್ನು ಎಲ್ಲರೂ 'ಗುಡ್ಡ' ಅಂತಲೇ ಕರೆದರು.

ಇಷ್ಟು ಪಾಠ ಮಾಡಿದ ನೀನೇ ಅದನ್ನು ಕಣ್ಣಾರೆ ಕಂಡಿರಲಿಲ್ಲ. ಎಡಗಣ್ಣು ಹೋಗಿ ಮೂರು ವರ್ಷವಾಯಿತು. ಬಲಗಣ್ಣನ್ನು ಪರೀಕ್ಷಿಸಿದ ಡಾಕ್ಟರು "ನೋಡೋದು ಏನಾದ್ರೂ ಇದ್ರೆ ಈ ವರ್ಷಾನೇ ನೋಡ್ಬಿಡಿ ಟೀಚರ್" ಅಂದಾಗ ನೀನು ಮೊಮ್ಮಗಳ ಮುಖ ಅನ್ನಲಿಲ್ಲ, ಭಾವನ ಮುಖವನ್ನಂತೂ ಅನ್ನಲೇ ಇಲ್ಲ. "ಪರ್ವತ" ಅಂದೆ. ಭಾವನಿಗೆ ಮಂಡಿನೋವು. ಜೊತೆಗೆ ಹೊರಟವನು ನಾನು, ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುವವನು, ಊರವರ ತಪ್ಪಿನಿಂದಲೇ ಹೊಟ್ಟೆ ಹೊರೆಯುವವನು.

ಮೊದಲನೆಯ ದಿನ ಮೋಡ. ಎರಡನೆಯ ದಿನ ಮೋಡ ಮತ್ತು ತುಂತುರು. ಲಾಡ್ಜಿನ ಗೋಡೆಯ ಮೇಲೆ ಪರ್ವತ, ಟವೆಲಿನ ಮೇಲೆ ಪರ್ವತ, ಸೋಪು ಸುತ್ತಿದ ಕಾಗದದ ಮೇಲೂ ಪರ್ವತ. ಕಿಟಕಿಯಲ್ಲಿ ಮಾತ್ರ ಇಲ್ಲ. 'ವೀಕ್ಷಣಾ ಕಟ್ಟೆ' ಎಂಬ ಬೋರ್ಡನ್ನು ನಾನು ಮನಸ್ಸಿನಲ್ಲೇ ಕೆಂಪು ಶಾಯಿಯಲ್ಲಿ 'ನಿರೀಕ್ಷಣಾ ಕಟ್ಟೆ' ಎಂದು ತಿದ್ದಿದೆ. ಟ್ಯಾಕ್ಸಿಯವನನ್ನು ಕೇಳಿದರೆ "ಇಲ್ಲೇ ಇದೆ ಸಾರ್, ಎಲ್ಲಿಗೂ ಹೋಗಲ್ಲ" ಅಂದ. ಅದು ಹೋಗುವುದಿಲ್ಲ ನಿಜ, ನಾವು ಹೋಗಬೇಕಲ್ಲ? ಮೂರನೆಯ ದಿನ ಒಂಬತ್ತಕ್ಕೆ ನಮ್ಮ ಬಸ್ಸು.

ಅವತ್ತು ಏಳು ಗಂಟೆಗೆ ನೀನು ಕಟ್ಟೆಯ ಕಂಬಿಯನ್ನು ಎರಡು ಕೈಯಲ್ಲೂ ಹಿಡಿದು ನಿಂತಿದ್ದೆ. "ಏನಾದ್ರೂ ಇದೆಯೇನೋ ಅಲ್ಲಿ? ನನಗೆ ಕಾಣ್ತಿಲ್ವೋ, ಅಲ್ಲಿ ಏನೂ ಇಲ್ವೋ, ಅದೇ ಗೊತ್ತಾಗ್ತಿಲ್ಲ ಕಣೋ" ಅಂದೆ. ಇಡೀ ಭೂಮಂಡಲವನ್ನು ಒಂದು ಕೋಲಿನ ತುದಿಯಲ್ಲಿ ಆಡಿಸಿದವಳು ನನ್ನಂಥವನನ್ನು ಹಾಗೆ ಕೇಳಬಾರದಿತ್ತು. ನನ್ನ ಬೆರಳು ತಾನಾಗಿ ಎದ್ದಿತು. "ಅಗೋ ಅಕ್ಕಾ! ಆ ಚಿಮಣಿ ಪಕ್ಕ!"

ನೀನು ನೋಡಿದೆ. ಒಂದು ನಿಮಿಷ ಪೂರ್ತಿ ನೋಡಿದೆ. ಆಮೇಲೆ ನನ್ನ ತೋಳು ಹಿಡಿದುಕೊಂಡು, "ಬಲಭುಜ ಇಳಿದಿದೆ ನೋಡು. ಸದ್ಯ, ಮಕ್ಕಳಿಗೆ ತಪ್ಪು ಹೇಳಿಕೊಟ್ಟಿರಲಿಲ್ಲ ನಾನು" ಅಂದೆ.

ನನ್ನ ತಲೆ ಕೆಟ್ಟದ್ದು ಅಲ್ಲಿಂದ. ಆ ಮೋಡಕ್ಕೆ ಭುಜವೇ ಇರಲಿಲ್ಲ, ಹೆಚ್ಚೆಂದರೆ ಹೊಟ್ಟೆ ಇತ್ತು. ಹಾಗಾದರೆ ನೀನು ಕಂಡದ್ದೇನು? ನನ್ನನ್ನು ನಂಬಿದೆಯಾ? ಅಥವಾ ಸುಳ್ಳು ಗೊತ್ತಾಗಿ, ಪೆದ್ದ ತಮ್ಮ ಸಪ್ಪಗಾಗದಿರಲಿ ಎಂದು ನಿನ್ನದೊಂದು ಸುಳ್ಳನ್ನು ಸೇರಿಸಿದೆಯಾ? ಅಥವಾ ನಿನ್ನ ಅರೆಗಣ್ಣಿಗೆ ಮೋಡದ ಹಿಂದಿನದು ನಿಜವಾಗಿಯೂ ಕಂಡು, ಎರಡು ಕಣ್ಣು, ಮೇಲೊಂದು ಕನ್ನಡಕ ಇದ್ದ ನನಗೇ ಕಾಣಲಿಲ್ಲವಾ? ಮೋಡಿ ಮಾಡಿದವನು ನಾನೋ, ಮೋಡಿಗೆ ಸಿಕ್ಕವನು ನಾನೋ? ಒಂದು ದಿನ ಒಂದು ಉತ್ತರ ಸರಿ ಅನ್ನಿಸುತ್ತದೆ, ಮರುದಿನ ಅದನ್ನೇ ಹೊಡೆದುಹಾಕುತ್ತೇನೆ. ಈ ನಡುವೆ ನೀನು ಹಳೆಯ ವಿದ್ಯಾರ್ಥಿಗಳಿಗೆಲ್ಲ ಫೋನ್ ಮಾಡಿ ಪರ್ವತದ ವರ್ಣನೆ ಮಾಡುತ್ತಿದ್ದೀಯಂತೆ. ಒಂದೊಂದು ಫೋನಿಗೂ ಅದು ಒಂದೊಂದು ಗೇಣು ಬೆಳೆಯುತ್ತಿದೆ ಎಂದು ಭಾವನ ದೂರು.

ಮುಂದಿನ ತಿಂಗಳು ಅಲ್ಲಿ ಆಕಾಶ ತಿಳಿಯಾಗುತ್ತದಂತೆ. ನಮ್ಮಿಬ್ಬರಿಗೂ ಟಿಕೆಟ್ ಮಾಡಿಸಿದ್ದೇನೆ, ಇದರ ಜೊತೆಗೇ ಇಟ್ಟಿದ್ದೇನೆ. ಟಿಕೆಟ್ ನೋಡಿ ನನ್ನ ಹೆಂಡತಿ ಹುಬ್ಬು ಗಂಟಿಕ್ಕಿದಳು. ಅವಳಿಗೆ ಮೋಡದ ಕಥೆಯನ್ನು ಮೊದಲೇ ಹೇಳಿ ಜಂಬ ಕೊಚ್ಚಿದ್ದೆ. ಐವತ್ತು ವರ್ಷದಲ್ಲಿ ನನಗೋಸ್ಕರ ಅಲ್ಲದೆ ಹೇಳಿದ ಸುಳ್ಳು ಅದೊಂದೇ, ಅದರಲ್ಲಿ ನನ್ನದೆನ್ನುವ ಸ್ವಾರ್ಥ ಸಾಸಿವೆಯಷ್ಟೂ ಇಲ್ಲ, ಎಂದೆಲ್ಲ. ಅವಳು ಕ್ಯಾರೆಟ್ ಹೆಚ್ಚುತ್ತಾ ಕೇಳಿದಳು: "ಅತ್ತಿಗೆಗೆ ಖುಷಿಯಾಯ್ತಲ್ಲ, ಮುಗೀತಲ್ಲ? ಮತ್ತೆ ನೀವ್ಯಾಕೆ ಹೀಗೆ ಒದ್ದಾಡ್ತಿದೀರಿ?"

ಅವಳಿಗೆ ಹೇಳಲಾಗದ ಉತ್ತರವನ್ನು ನಿನಗೆ ಹೇಳುತ್ತೇನೆ.

ಬಸ್ಸು ಹೊರಟು ಅರ್ಧ ಗಂಟೆಯಾಗಿತ್ತು. ನೀನು ವಾಂತಿ ಮಾತ್ರೆ ನುಂಗಿ, ಬಾಯಿ ಸ್ವಲ್ಪ ತೆರೆದು, ನನಗೆ ಒರಗಿ ಗಾಢ ನಿದ್ದೆಯಲ್ಲಿದ್ದೆ. ಒಂದು ತಿರುವಿನಲ್ಲಿ ನಿನ್ನ ಕಿಟಕಿಯ ಆಚೆ ಮೋಡ ಹರಿಯಿತು. ಪರ್ವತ ಬಂತು, ಅಕ್ಕಾ. ನಾವು ಮೂರು ದಿನ ಹುಡುಕಿದ್ದಕ್ಕಿಂತ ಎಷ್ಟೋ ಮೇಲೆ, ಬರೀ ಆಕಾಶ ಎಂದು ನಾವು ಬಿಟ್ಟುಬಿಟ್ಟಿದ್ದ ಜಾಗದಲ್ಲಿ. ಅರೆಗಣ್ಣೇಕೆ, ಕಾಲುಗಣ್ಣಿಗೂ ಕಾಣುವಷ್ಟು ದೊಡ್ಡದು. ಬಸ್ಸಿನವರೆಲ್ಲ ನಮ್ಮ ಕಡೆಗೇ ಮುಗಿಬಿದ್ದರು. ಹಿಂದಿನ ಸೀಟಿನ ಹೆಂಗಸು "ಅಯ್ಯೋ, ಅವರನ್ನ ಎಬ್ಬಿಸ್ರೀ!" ಅಂದರು. "ಬೇಡ, ಅವರಿಗೆ ಹುಷಾರಿಲ್ಲ" ಅಂದೆ. ನಾಲ್ಕು ನಿಮಿಷ ಇತ್ತು. ನೀನು ಕಣ್ಣು ಬಿಟ್ಟರೆ "ಹಾಗಾದ್ರೆ ಬೆಳಿಗ್ಗೆ ತೋರಿಸಿದ್ದೇನೋ?" ಅಂತ ಕೇಳುತ್ತೀಯ ಎಂದು ಹೆದರಿದೆ. ಹೆದರಿ, ನಿನ್ನ ಮುಖಕ್ಕೆ ಬಿಸಿಲು ಬೀಳುತ್ತದೆ ಅನ್ನುವ ನೆಪ ಮಾಡಿ, ಕಿಟಕಿಯ ಪರದೆ ಎಳೆದೆ.

ನಿನ್ನ ಬಲಗಣ್ಣು ಮುಂದಿನ ತಿಂಗಳವರೆಗಾದರೂ ತಣ್ಣಗಿರಲಿ ಎಂದು ಬೇಡಿಕೊಳ್ಳುವ, ನಿನ್ನ ಬೈಗುಳವನ್ನೇ ಆಶೀರ್ವಾದವೆಂದು ತೆಗೆದುಕೊಳ್ಳಲು ತಲೆ ಬಗ್ಗಿಸಿ ನಿಂತಿರುವ

ನಿನ್ನ ತಮ್ಮ